ಮಧ್ಯರಾತ್ರಿ 103 ಜ್ವರ: ಮಲಗಿರೋ ಮಗೂನ ಎಬ್ಬಿಸಿ ಔಷಧಿ ಹಾಕ್ತೀರಾ?

ಮಲ್ಲಿಗೆಮೊಗ್ಗು | ಮಂಗಳವಾರ ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಇವತ್ತು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು.

ಮಗನಿಗೆ ಎರಡು ವರ್ಷ ಮೂರು ತಿಂಗಳು, ತೂಕ 11 ಕೆಜಿ. ನಾವಿರುವುದು ಹಾಸನದಲ್ಲಿ. ಭಾನುವಾರ ಸಂಜೆ ಆಟ ಬಿಟ್ಟು ಬಂದು ಮಡಿಲಲ್ಲಿ ಸುಮ್ನೆ ಮಲಗಿದ. ಅವನು ಹಾಗೆ ಮಲಗುವ ಪೈಕಿ ಅಲ್ಲವೇ ಅಲ್ಲ. ಹಣೆ ಮುಟ್ಟಿದರೆ ಬಿಸಿ. ಸೋಮವಾರ ಡಾಕ್ಟರಿಗೆ ತೋರಿಸಿದೆವು. ಗಂಟಲು ಸ್ವಲ್ಪ ಕೆಂಪಾಗಿದೆ, ವೈರಲ್ ಇರಬೇಕು, ಎರಡು ಮೂರು ದಿನ ನೋಡೋಣ ಅಂದರು. 250 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಸಿರಪ್, 3 ಎಂಎಲ್, ಬೇಕಾದಾಗ ಮಾತ್ರ, ಆರು ಗಂಟೆ ಬಿಟ್ಟು. ಅಷ್ಟೇ. ಆಂಟಿಬಯಾಟಿಕ್ ಇಲ್ಲ, ಇಂಜೆಕ್ಷನ್ ಇಲ್ಲ. ಆಚೆ ಬರುತ್ತಿದ್ದ ಹಾಗೇ ಅತ್ತೆ, “ಮುನ್ನೂರು ರೂಪಾಯಿ ಇಸ್ಕೊಂಡು ಒಂದು ಸೂಜಿನೂ ಹಾಕಲಿಲ್ವಲ್ಲೇ” ಅಂದರು.

ನಿನ್ನೆ ರಾತ್ರಿ ಎರಡೂಕಾಲಿಗೆ ಎಚ್ಚರ ಆಯ್ತು. ಬೆನ್ನು ಮುಟ್ಟಿದೆ, ಕಾದ ಹೆಂಚು. ಮೊಬೈಲ್ ಬೆಳಕಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 103.2. ನಂಬಿಕೆ ಬರದೆ ಇನ್ನೊಂದು ಕಂಕುಳಲ್ಲೂ ಇಟ್ಟೆ. ಅದೇ. ಒಂಬತ್ತಕ್ಕೆ ಔಷಧಿ ಹಾಕಿದ್ದು, ಇನ್ನೂ ಆರು ಗಂಟೆ ಆಗಿಲ್ಲ. ಮೂರು ಗಂಟೆಗೆ ಸರಿಯಾಗಿ ಎತ್ತಿ ಕೂರಿಸಿ ಎಬ್ಬಿಸಿದೆ. ಹಲ್ಲು ಕಚ್ಚಿಕೊಂಡ. ಮೂಗು ಹಿಡಿದು ಹಾಕಿದೆ (ಬೈಬೇಡಿ). ಅರ್ಧ ದಿಂಬಿನ ಮೇಲೆ, ಅರ್ಧ ಒಳಗೆ. ಎರಡು ನಿಮಿಷಕ್ಕೆ ರಾತ್ರಿ ಕುಡಿದ ಗಂಜಿಯೆಲ್ಲ ವಾಂತಿ. ಅತ್ತೆ ಎದ್ದು ಬಂದು, “ನಿದ್ದೆ ಮಾಡ್ತಿದ್ದ ಕೂಸನ್ನ ಎಬ್ಬಿಸಿ ಗೋಳು ಹುಯ್ಕೋತೀಯಲ್ಲ” ಅಂದರು. ಗಂಡ ವಾರವೆಲ್ಲ ಬೆಂಗಳೂರಿನಲ್ಲಿ. ಫೋನ್ ಮಾಡಿದೆ. ಮೊದಲ ಮಾತೇ “ಎಷ್ಟಿದೆ?” ಹೇಳಿದೆ. “ಅಷ್ಟೊಂದಾ? ಅಡ್ಮಿಟ್ ಮಾಡಿಸು.” ಬೆಳಿಗ್ಗೆ ಅಮ್ಮ ಫೋನ್ ಮಾಡಿದಳು, “ಎಷ್ಟಿತ್ತು?” ಆಮೇಲೆ ಅಕ್ಕ, “ಈಗ ಎಷ್ಟಿದೆ?” ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನವೂ ನನಗೆ ಇಷ್ಟು ಫೋನ್ ಬಂದಿರಲಿಲ್ಲ.

ಡಾಕ್ಟರಿಗೆ ಮತ್ತೆ ತೋರಿಸುತ್ತೇನೆ, ಅದು ಬಿಡಿ. ನೀವೆಲ್ಲ ರಾತ್ರಿ ಹೊತ್ತು ಏನು ಮಾಡ್ತೀರಿ? ಎಬ್ಬಿಸ್ತೀರಾ, ಬಿಡ್ತೀರಾ?


ಎರಡುಮಕ್ಕಳತಾಯಿ | ಮಂಗಳವಾರ 11:05

ಮೊದಲನೇ ಮಗಳಿಗೆ ಜ್ವರ ಬಂದಾಗ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಗಂಟೆಗೊಮ್ಮೆ ಟೆಂಪರೇಚರ್ ಬರೆದು, ಗೆರೆ ಎಳೆದು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಡಾಕ್ಟರ ಮುಂದೆ ಇಟ್ಟಿದ್ದೆ. ಅವರು ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟು “ಬೆಳಿಗ್ಗೆ ಏನು ತಿಂದ್ಲು?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ! ತಿನ್ನಿಸಿದ್ದು ನಮ್ಮಮ್ಮ. ನಾನು ಗ್ರಾಫ್ ಬರೆಯುತ್ತಾ ಕೂತಿದ್ದೆ.

ಎರಡನೆಯವನ ಹೊತ್ತಿಗೆ ಥರ್ಮಾಮೀಟರ್ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಆಟದ ಸಾಮಾನಿನ ಡಬ್ಬಿಯಲ್ಲಿ ಸಿಕ್ಕಿತು.

ನಾನು ಎಬ್ಬಿಸಲ್ಲ. ಆದರೆ ನಾನೂ ಮಲಗಲ್ಲ. ಪಕ್ಕದಲ್ಲಿ ಕೂತು ಉಸಿರು ಎಣಿಸ್ತೀನಿ.


ಧಾರವಾಡದಾಕಿ | ಮಂಗಳವಾರ 11:32

ನಮ್ಮ ಕಡೆ “ಜ್ವರಾ ಬಂದಾವ” ಅಂತಾರೆ. ಬಹುವಚನ. ಒಂದೇ ಜ್ವರ ಅಲ್ಲ, ಬೀಗರ ಹಾಗೆ ದಂಡು ಕಟ್ಟಿಕೊಂಡು ಬಂದು, ತಮಗೆ ಬೇಕಾದಷ್ಟು ದಿನ ಇದ್ದು, ಹೇಳದೆ ಕೇಳದೆ ಹೋಗುತ್ತವೆ. ನಮ್ಮ ಅಜ್ಜಿಗೆ ಅದೇ ನಂಬಿಕೆ ಇತ್ತು. ಬಂದವರಿಗೆ ಮರ್ಯಾದೆ ಮಾಡಬೇಕು, ಅವಸರ ಮಾಡಿ ಓಡಿಸಬಾರದು ಅಂತ. ಮೂರು ದಿನ ಬರೀ ಗಂಜಿ, ತಿಳಿಸಾರು.

ಆದರೆ ಅದೇ ಅಜ್ಜಿಗೆ “ಒಳಜ್ವರ” ಅಂದರೆ ಜೀವ ಹೋಗುತ್ತಿತ್ತು. ಥರ್ಮಾಮೀಟರಿನಲ್ಲಿ 98 ಇದ್ದರೂ “ಒಳಗ ಐತಿ, ಹೊರಗ ಕಾಣವಲ್ದು” ಅನ್ನೋಳು. ಮಗು ಸಪ್ಪಗಿದ್ದರೆ ಒಳಜ್ವರ, ಊಟ ಬಿಟ್ಟರೆ ಒಳಜ್ವರ, ಕಣ್ಣು ಕೆಂಪಗಿದ್ದರೆ ಒಳಜ್ವರ. ಡಾಕ್ಟರ್ ಒಬ್ಬರಿಗೆ ಹೇಳಿದಾಗ ನಕ್ಕರು, ಅಂಥದ್ದು ಯಾವುದೂ ಇಲ್ಲ ಅಂದರು. ಇರಲಿಕ್ಕಿಲ್ಲ. ಆದರೂ ಅಜ್ಜಿ ನೋಡುತ್ತಿದ್ದದ್ದು ಮಗುವನ್ನ, ಗಾಜಿನ ಕಡ್ಡಿಯನ್ನಲ್ಲ.

ಇನ್ನು ಸೂಜಿ ವಿಷಯ. ನಿಮ್ಮ ಅತ್ತೆ ಒಬ್ಬರೇ ಅಲ್ಲ ತಂಗಿ. ನಮ್ಮೂರಲ್ಲಿ ಸೂಜಿ ಹಾಕದ ಡಾಕ್ಟರಿಗೆ ಗಿರಾಕಿನೇ ಇಲ್ಲ.


ನೈಟ್‌ಡ್ಯೂಟಿ_ಸಿಸ್ಟರ್ | ಮಂಗಳವಾರ ಮಧ್ಯಾಹ್ನ 1:10

ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದಿದ್ದೇನೆ, ನಿದ್ದೆಗಣ್ಣು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಲ್ಲಿಗೆಮೊಗ್ಗು ಅವರೇ, ಜ್ವರದ ಅಂಕಿ ನೋಡಿ ಮಲಗಿದ ಮಗುವನ್ನು ಎಬ್ಬಿಸಿ ಔಷಧಿ ಹಾಕುವ ಅಗತ್ಯ ಇಲ್ಲ. ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದ್ದು. ಔಷಧಿ ಕೊಡುವುದು ಮಗುವಿಗೆ ಹಾಯಾಗಲಿ ಅಂತ, ಅಂಕಿಯನ್ನು 98.6ಕ್ಕೆ ಇಳಿಸಲಿಕ್ಕೆ ಅಲ್ಲ. ನಿದ್ದೆ ಮಾಡ್ತಿದ್ದಾನೆ ಅಂದರೆ ಹಾಯಾಗಿದ್ದಾನೆ ಅಂತಲೇ ಅರ್ಥ. ಆದರೆ ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿದ್ದರೆ ಅದು ನಿದ್ದೆ ಅಲ್ಲ, ತಕ್ಷಣ ಆಸ್ಪತ್ರೆ. ಈ ಎರಡರ ವ್ಯತ್ಯಾಸ ನಿಮಗೆ ಗೊತ್ತಾಗುತ್ತದೆ, ಅಮ್ಮಂದಿರಿಗೆ ಗೊತ್ತಾಗೇ ಆಗುತ್ತದೆ.

“ಜ್ವರ ತಲೆಗೇರುತ್ತೆ, ಮೆದುಳಿಗೆ ಏಟು ಬೀಳುತ್ತೆ” ಅಂತ ವಾರ್ಡಿನಲ್ಲಿ ದಿನಾ ಕೇಳ್ತೀನಿ. ಇದು ನಮ್ಮೂರಿನ ಭಯ ಮಾತ್ರ ಅಂದುಕೊಂಡಿದ್ದೆ. ಅಲ್ಲವಂತೆ. 1980ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಬಾರ್ಟನ್ ಶ್ಮಿಟ್ ಅನ್ನುವ ಮಕ್ಕಳ ಡಾಕ್ಟರ್ 81 ಅಪ್ಪ ಅಮ್ಮಂದಿರನ್ನು ಮಾತಾಡಿಸಿದರು. 104ರ ಒಳಗಿನ ಜ್ವರಕ್ಕೂ ಮೆದುಳು ನರಕ್ಕೆ ತೊಂದರೆ ಆಗುತ್ತೆ ಅಂತ ಅರ್ಧಕ್ಕಿಂತ ಜಾಸ್ತಿ ಜನ ನಂಬಿದ್ದರು. ಅವರೇ ಇದಕ್ಕೆ “ಫೀವರ್ ಫೋಬಿಯಾ” ಅಂತ ಹೆಸರಿಟ್ಟಿದ್ದು. ಸೋಂಕಿನಿಂದ ಬರುವ ಜ್ವರ ಸಾಮಾನ್ಯವಾಗಿ 106 ದಾಟಲ್ಲ, ದೇಹವೇ ಒಂದು ಮಿತಿ ಇಟ್ಟುಕೊಂಡಿರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಗು ಸಿಕ್ಕಿಕೊಂಡರೆ ಅದು ಬೇರೆ ವಿಷಯ, ಅಲ್ಲಿ ಆ ಮಿತಿ ಇಲ್ಲ.

ಒಂದು ಕಡೆ ಮಾತ್ರ ಅಂಕಿಯೇ ಮುಖ್ಯ. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ, ನಗ್ತಾ ಇದ್ದರೂ ಸರಿ, ರಾತ್ರಿ ಎರಡು ಗಂಟೆ ಆದರೂ ಸರಿ, ಹೊರಡಿ. ಅಲ್ಲಿ ಕಾಯುವ ಮಾತೇ ಇಲ್ಲ.

ಮೂಗು ಹಿಡಿದು ಔಷಧಿ ಹಾಕಬೇಡಿ ತಾಯಿ. ಉಸಿರಿನ ದಾರಿಗೆ ಹೋಗುತ್ತೆ. ಕೆನ್ನೆ ಒಳಗೆ ಸ್ವಲ್ಪ ಸ್ವಲ್ಪವೇ ಬಿಡಿ.


ಶಿರಾದಿಂದ | ಮಂಗಳವಾರ 2:25

ಸಿಸ್ಟರ್, ನಿಮ್ಮ ಮಾತು ಗೌರವದಿಂದಲೇ ಓದಿದೆ. ಆದರೆ ನಾನು ಎಬ್ಬಿಸುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮಗಳಿಗೆ ಆಗ ಒಂದೂವರೆ ವರ್ಷ. ಮಧ್ಯಾಹ್ನ ಸ್ವಲ್ಪ ಮೈ ಬೆಚ್ಚಗಿತ್ತು, ಹಲ್ಲು ಬರುತ್ತಿದೆ ಅಂದುಕೊಂಡೆ. ಸಂಜೆ ತೊಟ್ಟಿಲಲ್ಲಿ ಮಲಗಿಸಿ ಅಕ್ಕಿ ಆರಿಸುತ್ತಾ ಕೂತಿದ್ದೆ. ತೊಟ್ಟಿಲ ಸರಪಳಿ ಟಣ್ ಟಣ್ ಅಂತ ಶಬ್ದ ಮಾಡಿತು. ಎದ್ದಳೇನೋ ಅಂತ ನೋಡಿದರೆ ಕಣ್ಣು ಮೇಲೆ ಸಿಕ್ಕಿಕೊಂಡಿದೆ, ಕೈಕಾಲು ಜಗ್ಗುತ್ತಿವೆ, ತುಟಿ ನೀಲಿ. ನನ್ನ ಕೂಗಿಗೆ ಬೀದಿಯೇ ಬಂತು. ಒಬ್ಬರು ಕೈಗೆ ಬೀಗದ ಕೈ ತುರುಕಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ಬಾಯಿಗೆ ಚಮಚ ಇಡೋಕೆ ಹೋದಾಗ ತುಟಿ ಹರಿದು ರಕ್ತ ಬಂತು. ಆಟೋ ಹತ್ತುವ ಹೊತ್ತಿಗೆ ನಿಂತಿತ್ತು. ಎರಡೇ ನಿಮಿಷ ಅಂತೆ. ಅಕ್ಕಿ ಮನೆ ತುಂಬ ಚೆಲ್ಲಿತ್ತು, ವಾರವಾದರೂ ಕಾಲಿಗೆ ಸಿಗುತ್ತಿತ್ತು.

ಆವತ್ತಿನಿಂದ 99 ಕಂಡರೂ ಔಷಧಿ ಹಾಕುತ್ತೇನೆ. ರಾತ್ರಿ ಅಲಾರಂ ಇಟ್ಟು ಎಬ್ಬಿಸುತ್ತೇನೆ. ಪುಸ್ತಕದಲ್ಲಿ ಏನಾದರೂ ಬರೆದಿರಲಿ.


ನೈಟ್‌ಡ್ಯೂಟಿ_ಸಿಸ್ಟರ್ | ಮಂಗಳವಾರ 3:02

ಓದಿ ಮೈ ಜುಂ ಅಂತು. ನೂರಾರು ಫಿಟ್ಸ್ ನೋಡಿದ್ದೇನೆ, ಆದರೆ ನನ್ನ ಮಗುವಿನದು ನೋಡಿಲ್ಲ. ಹಾಗಾಗಿ ನಿಮ್ಮ ಭಯದ ಬಗ್ಗೆ ಏನೂ ಹೇಳಲ್ಲ.

ಒಂದು ವಿಷಯ ಮಾತ್ರ ಹೇಳಲೇಬೇಕು. ಜ್ವರದ ಫಿಟ್ಸ್ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ. ಅದನ್ನು ಪ್ಯಾರಾಸಿಟಮಾಲ್ ತಡೆಯುವುದಿಲ್ಲ. ಎಷ್ಟೋ ಸಲ ಜ್ವರ ಇದೆ ಅಂತ ಮನೆಯವರಿಗೆ ಗೊತ್ತಾಗುವುದೇ ಫಿಟ್ಸ್ ಬಂದಾಗ. ಅಂದರೆ ಆವತ್ತು ನೀವು ಅಕ್ಕಿ ಆರಿಸುತ್ತಾ ಕೂತಿದ್ದಕ್ಕೆ ಬಂದದ್ದಲ್ಲ. ಔಷಧಿ ಹಾಕಿ ಕಾಯುತ್ತಾ ಕೂತಿದ್ದರೂ ಬರುವುದಿದ್ದರೆ ಬರುತ್ತಿತ್ತು.

ಮತ್ತೆ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆ. ಒಮ್ಮೆ ಬಂದ ಮಕ್ಕಳಿಗೆ, ಫಿಟ್ಸ್ ನಿಲ್ಲಿಸಲು ಮೂಗಿಗೆ ಹಾಕುವ ಮಿಡಾಜೋಲಮ್ ಸ್ಪ್ರೇ ಮನೆಯಲ್ಲಿಟ್ಟುಕೊಳ್ಳಲು ಕೆಲವು ಡಾಕ್ಟರು ಬರೆದುಕೊಡುತ್ತಾರೆ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ.


ಶಿರಾದಿಂದ | ಮಂಗಳವಾರ 3:20

ಸ್ಪ್ರೇ ಇದೆ. ಫ್ರಿಜ್ ಮೇಲಿನ ಡಬ್ಬಿಯಲ್ಲಿ. ಎಕ್ಸ್‌ಪೈರಿ ತಿಂಗಳಿಗೊಮ್ಮೆ ನೋಡುತ್ತೇನೆ.

“ನೀವು ಕೂತಿದ್ದಕ್ಕೆ ಬಂದದ್ದಲ್ಲ” ಅಂದಿರಲ್ಲ. ಮೂರು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ ಸಿಸ್ಟರ್. “ಮೊದಲೇ ನೋಡ್ಕೋಬಾರದಿತ್ತಾ” ಅಂತಲೇ ಎಲ್ಲರೂ.

ಎಬ್ಬಿಸುವುದು ಬಿಡ್ತೀನಿ ಅಂತ ಮಾತ್ರ ಹೇಳಲ್ಲ.


ಕರಾವಳಿ_ಹೆಣ್ಣು | ಮಂಗಳವಾರ ಸಂಜೆ 4:45

ಜ್ವರಕ್ಕಿಂತ ಔಷಧಿಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಮಾರಾಯ್ರೆ. ಮಗುವಿಗೆ ಹನ್ನೊಂದು ತಿಂಗಳು, 9 ಕೆಜಿ. ಯಾವಾಗಲೂ 125ರ ಬಾಟಲಿ, 5 ಎಂಎಲ್. ಆ ಸಲ ಬಾಟಲಿ ಖಾಲಿ, ಇವರು ಮೆಡಿಕಲ್‌ನಿಂದ ತಂದದ್ದು 250. ಡಬ್ಬಿಯ ಬಣ್ಣ ಅದೇ, ಹಣ್ಣಿನ ಚಿತ್ರ ಅದೇ, ಹೆಸರೂ ಅದೇ. ಹಿಂದೆ ಸಣ್ಣ ಅಕ್ಷರದಲ್ಲಿ ಮಾತ್ರ 250. ನಾನು ಅಭ್ಯಾಸಬಲದಿಂದ 5 ಎಂಎಲ್ ಹಾಕಿದೆ. ಮರುದಿನ ಬೆಳಿಗ್ಗೆ ಓದಿ ನೋಡಿ ಎದೆ ಧಸಕ್ಕೆಂದಿತು. ಒಂದೇ ಸಲಕ್ಕೆ ಎರಡು ಪಟ್ಟು!

ಡಾಕ್ಟರಿಗೆ ಅಳುತ್ತಾ ಫೋನ್ ಮಾಡಿದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ, ಇನ್ನು ಎಂಟು ಗಂಟೆ ಕೊಡಬೇಡಿ, ಬಾಟಲಿ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಡಿ ಅಂದರು. ಈಗ ನಮ್ಮ ಮನೆಯಲ್ಲಿ ಎಲ್ಲ ಬಾಟಲಿಯ ಮೇಲೂ ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಇದೆ.


ನೈಟ್‌ಡ್ಯೂಟಿ_ಸಿಸ್ಟರ್ | ಮಂಗಳವಾರ 5:15

ಇದನ್ನ ನಾನೇ ಹೇಳಬೇಕಿತ್ತು. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 11 ಕೆಜಿ ಮಗುವಿಗೆ 110ರಿಂದ 165. 250ರ ಸಿರಪ್ ಅಂದರೆ 5 ಎಂಎಲ್‌ನಲ್ಲಿ 250. ಹಾಗಾಗಿ 3 ಎಂಎಲ್‌ನಲ್ಲಿ 150, ನಿಮ್ಮ ಡಾಕ್ಟರ್ ಸರಿಯಾಗೇ ಬರೆದಿದ್ದಾರೆ. ಇನ್ನೊಂದು ಅಪಾಯ ಡ್ರಾಪ್ಸ್. ಚಿಕ್ಕ ಬಾಟಲಿ, ಚಿಕ್ಕ ಮಕ್ಕಳಿಗೆ, ಹಾಗಾಗಿ ಸೌಮ್ಯ ಅಂದುಕೊಳ್ಳುತ್ತಾರೆ. ಉಲ್ಟಾ. ಒಂದೇ ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತೆ. ಅದನ್ನು ಚಮಚದಲ್ಲಿ ಅಳೆದು ಹಾಕಿದವರನ್ನು ನೋಡಿದ್ದೇನೆ.

ಶೀತದ ಸಿರಪ್ಪುಗಳಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಸೇರಿರುತ್ತೆ. ಜ್ವರಕ್ಕೊಂದು, ಶೀತಕ್ಕೊಂದು ಅಂತ ಎರಡೂ ಹಾಕಿದರೆ ಡಬಲ್.

ಮನೆಯ ಹಳೇ ಡಬ್ಬಿಯಲ್ಲಿ ಜ್ವರ ಇಳಿಸುವ ನಿಮೆಸುಲೈಡ್ ಔಷಧಿ ಇದ್ದರೆ ಎಸೆಯಿರಿ, 12 ವರ್ಷದೊಳಗಿನ ಮಕ್ಕಳಿಗೆ ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧ ಆಗಿದೆ. ಅಜ್ಜಿಯಂದಿರ ಆಸ್ಪಿರಿನ್ ಮಾತ್ರೆ ಕಾಲು ಮಾಡಿ ಕೊಡುವುದೂ ಬೇಡವೇ ಬೇಡ.


ಅಡ್ಮಿನ್ | ಮಂಗಳವಾರ 5:40

ಸಿಸ್ಟರ್ ಹೇಳಿದ್ದು ಲೆಕ್ಕ ಅರ್ಥವಾಗಲಿ ಅಂತ. ದಯವಿಟ್ಟು ಯಾರೂ “ನನ್ನ ಮಗು 8 ಕೆಜಿ, ಎಷ್ಟು ಹಾಕಲಿ” ಅಂತ ಇಲ್ಲಿ ಕೇಳಬೇಡಿ. ನಿಮ್ಮ ಡಾಕ್ಟರನ್ನು ಕೇಳಿ. ಅಂಥ ಮೂರು ಕಾಮೆಂಟ್ ಈಗಾಗಲೇ ತೆಗೆದಿದ್ದೇನೆ. ಅಮೃತಬಳ್ಳಿ ಮಾರುವವರ ಫೋನ್ ನಂಬರನ್ನೂ ತೆಗೆದಿದ್ದೇನೆ.


ಅಪ್ಪನೂ_ಇದ್ದಾನೆ | ಮಂಗಳವಾರ ರಾತ್ರಿ 8:30

ಈ ಚರ್ಚೆಯಲ್ಲಿ ನಾನೊಬ್ಬನೇ ಗಂಡಸು ಅನ್ನಿಸುತ್ತೆ. ಆದರೂ ಹೇಳ್ತೀನಿ.

ನಾನೂ “ಎಷ್ಟಿದೆ?” ಅಂತ ಕೇಳುವ ಗಂಡನೇ. ಹುಬ್ಬಳ್ಳಿಯಲ್ಲಿ ಕೆಲಸ, ಮನೆ ದಾವಣಗೆರೆ. ರಾತ್ರಿ ಹನ್ನೊಂದಕ್ಕೆ ಹೆಂಡತಿ ಫೋನ್ ಮಾಡಿ ಮಗೂಗೆ ಜ್ವರ ಅಂದರೆ ನಾನು ಇನ್ನೇನು ಕೇಳಲಿ? ಹಣೆ ಮುಟ್ಟೋಕೆ ಆಗಲ್ಲ. ಎತ್ಕೊಳ್ಳೋಕೆ ಆಗಲ್ಲ. ಆ ಅಂಕಿಯೊಂದೇ ನನ್ನ ಕೈಗೆ ಸಿಗುವುದು. 101 ಅಂದರೆ ಮಲಗ್ತೀನಿ, 103 ಅಂದರೆ ಬಸ್ ಸ್ಟ್ಯಾಂಡಿಗೆ ಹೋಗ್ತೀನಿ. ಹೋಗಿದ್ದೀನಿ ಕೂಡ, ಒಮ್ಮೆ. ಬೆಳಗಿನ ಜಾವ ಮನೆ ತಲುಪಿದರೆ ಮಗ ಎದ್ದು ಚಪಾತಿ ಹಿಟ್ಟಿನಲ್ಲಿ ಆಟ ಆಡ್ತಿದ್ದ.

ಗಂಡನ ಮೇಲೆ ಜಾಸ್ತಿ ಕೋಪ ಮಾಡ್ಕೋಬೇಡಿ ಅಂತಷ್ಟೇ.


ಎರಡುಮಕ್ಕಳತಾಯಿ | ಮಂಗಳವಾರ 8:44

ಅಣ್ಣಾ, ಅಂಕಿ ಕೇಳಿ, ಬೇಡ ಅನ್ನಲ್ಲ. ಅದರ ಜೊತೆಗೆ “ನೀನು ಊಟ ಮಾಡಿದ್ಯಾ?” ಅಂತಲೂ ಒಂದು ಕೇಳಿ. ದುಡ್ಡು ಖರ್ಚಾಗಲ್ಲ.


ಅಪ್ಪನೂ_ಇದ್ದಾನೆ | ಮಂಗಳವಾರ 8:51

ಆಯ್ತು ಅಕ್ಕ, ಕೇಳ್ತೀನಿ.


ಮ್ಯೂನಿಕ್_ಕನ್ನಡತಿ | ಮಂಗಳವಾರ ರಾತ್ರಿ 11:58

ಜರ್ಮನಿಗೆ ಬಂದ ಹೊಸತರಲ್ಲಿ ಮಗಳಿಗೆ 102.5. ಇಲ್ಲಿನ ಥರ್ಮಾಮೀಟರ್ 39.2 ಅಂತ ತೋರಿಸಿತು. ಫ್ಯಾರನ್‌ಹೀಟಿಗೆ ತಿರುಗಿಸುವವರೆಗೂ ನನಗೆ ಹೆದರಿಕೆಯೇ ಆಗಲಿಲ್ಲ, ತಿರುಗಿಸಿದ ಮೇಲೆ ಕೈ ನಡುಗಿತು. ಮಗು ಅದೇ, ಜ್ವರ ಅದೇ. ಅಂಕಿ ಬೇರೆ ಅಷ್ಟೇ!

ಡಾಕ್ಟರಮ್ಮ ಬರೆದುಕೊಟ್ಟದ್ದು ಹಿಂದಿನಿಂದ, ಅಂದರೆ ಗುದದ್ವಾರಕ್ಕೆ, ಹಾಕುವ ಗುಳಿಗೆ. ಇಲ್ಲಿ ಪುಟ್ಟ ಮಕ್ಕಳಿಗೆ ಅದೇ ರೂಢಿ, ವಾಂತಿಯ ತಾಪತ್ರಯ ಇಲ್ಲ. ಆಂಟಿಬಯಾಟಿಕ್ ಕೇಳಿದ್ದಕ್ಕೆ ನಕ್ಕು ಚಹಾ ಕುಡಿಸಿ ಅಂದರು. ಪಕ್ಕದ ಮನೆಯ ಅಜ್ಜಿ ಬಂದು ಮೀನಖಂಡಕ್ಕೆ ಒದ್ದೆ ಬಟ್ಟೆ ಸುತ್ತಿದರು. ಇಲ್ಲಿನ ಮನೆಮದ್ದು ಅದು. ನಮ್ಮಮ್ಮ ವಿಡಿಯೋ ಕಾಲಿನಲ್ಲಿ ನೋಡಿ, “ಹಣೆಗಲ್ವೇನೇ ಹಾಕೋದು, ಕಾಲಿಗ್ಯಾಕೆ ಸುತ್ತಿದ್ದಾರೆ?” ಅಂದಳು. ಇಬ್ಬರು ಅಜ್ಜಿಯರ ನಡುವೆ ನಾನು ದುಭಾಷಿ.

ಒದ್ದೆ ಬಟ್ಟೆ ವಿಷಯದಲ್ಲಿ ಸಿಸ್ಟರ್ ಏನಂತೀರಿ?


ನೈಟ್‌ಡ್ಯೂಟಿ_ಸಿಸ್ಟರ್ | ಬುಧವಾರ ಬೆಳಿಗ್ಗೆ 9:10

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಅನ್ನುವ ಸಂಸ್ಥೆಯ ಮಾರ್ಗಸೂಚಿಯಲ್ಲಿ ಮೈ ಒರೆಸುವುದೇ ಬೇಡ ಅಂದಿದ್ದಾರೆ. ನಮ್ಮ ವಾರ್ಡಿನಲ್ಲಿ ಇನ್ನೂ ಮಾಡುತ್ತೇವೆ, ಉಗುರುಬೆಚ್ಚಗಿನ ನೀರಲ್ಲಿ. ನಿಜ ಹೇಳಲಾ? ಅರ್ಧ ಮಗುವಿಗಾಗಿ, ಅರ್ಧ ಅಮ್ಮನಿಗಾಗಿ. ಕೈಗೊಂದು ಕೆಲಸ ಇದ್ದರೆ ಅವಳು ಸ್ವಲ್ಪ ಸಮಾಧಾನವಾಗಿರುತ್ತಾಳೆ. ಐಸ್ ನೀರು ಬೇಡ. ಮಗು ನಡುಗಿದರೆ ನಿಲ್ಲಿಸಿ, ನಡುಗಿದರೆ ಒಳಗಿನ ಬಿಸಿ ಇನ್ನೂ ಏರುತ್ತೆ. ಮೂರು ಕಂಬಳಿ ಹೊದಿಸುವುದೂ ಬೇಡ.


ಹಳ್ಳಿ_ಆಶಾ | ಬುಧವಾರ 10:30

ನಾನು ಆಶಾ ಕಾರ್ಯಕರ್ತೆ. ನಮ್ಮಲ್ಲಿ ಇನ್ನೊಂದು ಜ್ವರ ಇದೆ, ಚುಚ್ಚುಮದ್ದಿನ ಜ್ವರ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರಕ್ಕೆ ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ) ಹಾಕಿಸಿದ ರಾತ್ರಿ ಮಗು ಅಳುತ್ತೆ, ಮೈ ಬಿಸಿ ಆಗುತ್ತೆ. ಮೊದಲೇ ಹೇಳಿ, ಔಷಧಿ ಕೊಟ್ಟು ಬಂದಿರುತ್ತೇವೆ. ಆದರೂ ಮಾರನೇ ದಿನ ನಾನು ಆ ಬೀದಿಗೆ ಹೋದರೆ ಅಜ್ಜಿಯಂದಿರು ಒಳಗಿನಿಂದಲೇ, “ಚೆನ್ನಾಗಿದ್ದ ಕೂಸಿಗೆ ಜ್ವರ ತರಿಸಿದ್ಳು” ಅಂತಾರೆ.

ಒಬ್ಬ ತಾಯಿ ಎರಡನೇ ಡೋಸಿಗೆ ಬರಲೇ ಇಲ್ಲ. ಮೂರು ಸಲ ಮನೆಗೆ ಹೋದೆ. ಒಂದು ಸಲ ಗದ್ದೆಗೆ ಹೋಗಿದ್ದಾಳೆ ಅಂದರು, ಒಂದು ಸಲ ತವರಿಗೆ ಅಂದರು. ಮೂರನೇ ಸಲ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಸಿಕ್ಕಳು. “ಅಕ್ಕಾ, ಸೂಜಿಗೆ ಹೆದರಿಕೆ ಇಲ್ಲ. ಆವತ್ತು ರಾತ್ರಿ ಮಗು ಅತ್ತರೆ ಗಂಡ ನನ್ನನ್ನು ಹೊರಗೆ ಕಳಿಸ್ತಾರೆ. ಅದಕ್ಕೆ” ಅಂದಳು. ಆ ಸಲ ಗಂಡನನ್ನೇ ಅಂಗನವಾಡಿಗೆ ಕರೆಸಿ ಕೂರಿಸಿ ಹೇಳಿದೆವು. ತಾಯಿ ಕಾರ್ಡಿನಲ್ಲಿ ತಾರೀಕು ತಡವಾಗಿದೆ, ಆದರೆ ಮೂರೂ ಡೋಸ್ ಆಗಿದೆ.


ಸಾಗರದವಳು | ಬುಧವಾರ ಮಧ್ಯಾಹ್ನ 12:15

“ಮೂರು ದಿನ ನೋಡೋಣ” ಅನ್ನುವುದು ಎಲ್ಲ ಊರಿಗೂ ಒಂದೇ ಅಲ್ಲ ಅಂತ ಹೇಳೋಕೆ ಬಂದೆ. ನಮ್ಮ ಕಡೆ ಚಳಿಗಾಲ ಮುಗಿದು ಬೇಸಿಗೆ ಶುರುವಾಗುವ ಹೊತ್ತಿಗೆ ಜ್ವರ ಅಂದರೆ ಮೊದಲ ಪ್ರಶ್ನೆ ಎಷ್ಟಿದೆ ಅಂತಲ್ಲ, “ಕಾಡಿಗೆ ಹೋಗಿದ್ರಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?” ಮಂಗನ ಕಾಯಿಲೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಅದೇ ಹೆಸರು ಜಗತ್ತಿಗೆಲ್ಲ ಆಯ್ತು. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುತ್ತದೆ. ಸೊಪ್ಪು ತರಲು ಹೋಗುವವರಿಗೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚುತ್ತಾರೆ. ಮಕ್ಕಳು ಗೇರುಹಣ್ಣಿಗೆ ಬ್ಯಾಣದ ಹುಲ್ಲುಗಾವಲಿಗೆ ಓಡಿ ಬಂದರೆ ಅಮ್ಮಂದಿರು ಮೊದಲು ಕಿವಿ ಹಿಂದೆ, ಕಂಕುಳು ನೋಡುತ್ತೇವೆ. ಇಂಥ ಊರಲ್ಲಿ ಸುಮ್ನೆ ಕಾಯುವುದಲ್ಲ, ಮೊದಲ ದಿನವೇ ಆಸ್ಪತ್ರೆಗೆ ಹೇಳಬೇಕು.


ಬನಶಂಕರಿ_ಬಸ್ | ಬುಧವಾರ 1:50

ಸಾಗರದ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿಕೊಳ್ಳಿ. 2024ರ ಮಳೆಗಾಲ. ಆ ವರ್ಷ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು. ಮಗಳಿಗೆ ಏಳು ವರ್ಷ. ಸೋಮವಾರದಿಂದ 103, 104. ನಾಲ್ಕು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ಮೈ ತಣ್ಣಗೆ. 97.8. ದೇವರಿಗೆ ತುಪ್ಪದ ದೀಪ ಹಚ್ಚಿ, ಮನೆಯವರಿಗೆಲ್ಲ ಮೆಸೇಜ್ ಹಾಕಿ, ಹೊದ್ದು ಮಲಗಿಬಿಟ್ಟೆ. ಮಧ್ಯಾಹ್ನ ಎದ್ದರೆ ಅವಳು ಹೊಟ್ಟೆ ನೋವು ಅಂತ ಮುದುಡಿಕೊಂಡಿದ್ದಾಳೆ, ಎರಡು ಸಲ ವಾಂತಿ, ಬೆಳಿಗ್ಗೆಯಿಂದ ಉಚ್ಚೆ ಮಾಡಿಲ್ಲ, ಪಾದ ಮಂಜುಗಡ್ಡೆ. ಜ್ವರವೇ ಇಲ್ಲವಲ್ಲ ಅಂತ ನಾನು ಇನ್ನೂ ಎರಡು ಗಂಟೆ ಕಳೆದೆ. ಆಸ್ಪತ್ರೆಯಲ್ಲಿ ಕೂಡಲೇ ಐಸಿಯುಗೆ ಹಾಕಿದರು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಂತೆ. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳುತ್ತದಂತೆ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಿದ್ದರು, ಪರಂಗಿ ಎಲೆ ರಸ ಕಳಿಸುತ್ತಿದ್ದರು. ಡಾಕ್ಟರ್ ಮಾತ್ರ ಉಚ್ಚೆ ಎಷ್ಟು ಹೋಯ್ತು ಅಂತ ಕೇಳುತ್ತಿದ್ದರು.

ಹುಷಾರಾದಳು. ಈಗ ಮೂರನೇ ಕ್ಲಾಸು. ಆದರೆ ತಣ್ಣಗಿನ ಪಾದ ಕಂಡರೆ ನನಗೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.

ಡೆಂಗಿ ಅನುಮಾನ ಇದ್ದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಹಾಕಬೇಡಿ, ರಕ್ತಸ್ರಾವ ಆಗಬಹುದು ಅಂದರು. ನಾನು ಎರಡು ದಿನ ಅದನ್ನೇ ಹಾಕಿದ್ದೆ, ಬೇಗ ಇಳಿಯುತ್ತೆ ಅಂತ.


ಮಲ್ಲಿಗೆಮೊಗ್ಗು | ಬುಧವಾರ 3:30

ಬನಶಂಕರಿ ಅಕ್ಕನ ಕಥೆ ಓದಿ ನಿಂತಲ್ಲೇ ಕೂತೆ. ಇವತ್ತು ಮತ್ತೆ ತೋರಿಸಿಕೊಂಡು ಬಂದೆವು. ರಕ್ತ ಕೊಟ್ಟು ಬಂದಿದ್ದೇವೆ. ಡೆಂಗಿ ಟೆಸ್ಟ್ ಕೂಡ. ಈಗ 101, ಬಿಸ್ಕತ್ ತಿಂದ. ಎಷ್ಟು ಸಲ ಉಚ್ಚೆ ಮಾಡ್ತಾನೆ ನೋಡಿಕೊಳ್ಳಿ ಅಂತ ನಮ್ಮ ಡಾಕ್ಟರೂ ಹೇಳಿದ್ದಾರೆ.

ರಾತ್ರಿ ಎಬ್ಬಿಸಲಿಲ್ಲ. ನಾನೂ ಮಲಗಲಿಲ್ಲ. ಸಿಸ್ಟರ್, ಒಂದು ಪ್ರಶ್ನೆ. ಕೈಯಲ್ಲಿ ಮುಟ್ಟಿ ನೋಡುವುದನ್ನು ನಂಬಬಹುದಾ?


ನೈಟ್‌ಡ್ಯೂಟಿ_ಸಿಸ್ಟರ್ | ಬುಧವಾರ 6:05

ಅರ್ಧ ನಂಬಬಹುದು. ಅಮ್ಮನ ಕೈ “ಜ್ವರ ಇಲ್ಲ” ಅಂದರೆ ಬಹುಪಾಲು ಇರಲ್ಲ. “ಇದೆ” ಅಂದಾಗ ಎಷ್ಟೋ ಸಲ ಇರುವುದಿಲ್ಲ. ಹಾಗಾಗಿ ಇದೆ ಅನ್ನಿಸಿದಾಗ ಮಾತ್ರ ಥರ್ಮಾಮೀಟರ್ ತೆಗೆಯಿರಿ. ಪಾತ್ರೆ ತೊಳೆದ ಕೈಯಲ್ಲಿ ಮುಟ್ಟಬೇಡಿ, ಎಲ್ಲ ಮಕ್ಕಳಿಗೂ ಜ್ವರ ಇರುತ್ತೆ!


ಕೆಲಸದಮ್ಮ | ಬುಧವಾರ ರಾತ್ರಿ 9:20

ಇಷ್ಟೆಲ್ಲ ಮಾತಾಡಿದ್ದೀರಿ, ಒಂದನ್ನು ಯಾರೂ ಹೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಮಗುವಿಗೆ 100 ಇದ್ದರೆ ಸಿರಪ್ ಹಾಕಿ ಶಾಲೆಗೆ ಕಳಿಸಿದ್ದೇನೆ. ರಜೆ ಮುಗಿದಿತ್ತು. ಹನ್ನೊಂದೂವರೆಗೆ ಶಾಲೆಯಿಂದ ಫೋನ್ ಬರುತ್ತೆ ಅಂತ ಗೊತ್ತಿದ್ದೇ ಕಳಿಸಿದ್ದು. ಹನ್ನೊಂದೂ ಇಪ್ಪತ್ತೈದಕ್ಕೆ ಬಂತು. ಬೇರೆ ಮಕ್ಕಳಿಗೂ ಹರಡಿರಬಹುದು. ಬೈಯುವವರು ಬೈಯಿರಿ.


ಧಾರವಾಡದಾಕಿ | ಬುಧವಾರ 9:41

ಬೈಯಲ್ಲವ್ವ. ನಾನೂ ಕಳಿಸೀನಿ.


ಮಲ್ಲಿಗೆಮೊಗ್ಗು | ಶುಕ್ರವಾರ ಸಂಜೆ 5:15

ಕೇಳಿದವರಿಗೆಲ್ಲ: ಗುರುವಾರ ಬೆಳಗಿನ ಜಾವ ಬೆವರಿ ಜ್ವರ ಬಿಟ್ಟಿತು. ಡೆಂಗಿ ಇಲ್ಲ, ರಕ್ತದ ರಿಪೋರ್ಟ್ ಚೆನ್ನಾಗಿದೆ. ಆದರೂ ಎರಡು ದಿನ ಕಣ್ಣಿಟ್ಟಿದ್ದೆವು.

ಕಣ್ಣಿಟ್ಟದ್ದು ನಾನಲ್ಲ, ಅತ್ತೆ. ಉಚ್ಚೆ ಲೆಕ್ಕ ಇಡಬೇಕು ಅಂತ ಡಾಕ್ಟರ್ ಹೇಳಿದ್ದು ಅವರಿಗೆ ಹಿಡಿಸಿಬಿಟ್ಟಿತು. ಕಿಟಕಿ ಮೇಲೊಂದು ಬಟ್ಟಲು ಇಟ್ಟು, ಅವನು ಒಂದು ಸಲ ಹೋದರೆ ಒಂದು ಅವರೆಕಾಳು ಹಾಕುತ್ತಿದ್ದರು. ಬೆಳಿಗ್ಗೆ ಎದ್ದು ಎಣಿಸಿ “ರಾತ್ರಿಯಿಂದ ನಾಲ್ಕು ಕಾಳು, ಪರವಾಗಿಲ್ಲ” ಅನ್ನೋರು. ಇವರು ಫೋನ್ ಮಾಡಿ “ಎಷ್ಟಿದೆ?” ಅಂದಾಗ ಅತ್ತೆಯೇ ತಗೊಂಡು “ಏಳು” ಅಂದರು. ಆ ಕಡೆಯಿಂದ ಒಂದು ನಿಮಿಷ ಮಾತೇ ಇಲ್ಲ.

ನಿನ್ನೆ ಸಂಜೆ ದೃಷ್ಟಿನೂ ತೆಗೆದರು. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ಅಷ್ಟು ದೃಷ್ಟಿ ಆಗಿತ್ತಂತೆ. ನಾನು ಚಿಮಣಿ ಆನ್ ಮಾಡಿದ್ದೆ. ಹೇಳಲಿಲ್ಲ.

ಈಗ ಒಂದು ಸಹಾಯ ಬೇಕು. ಜ್ವರ ಬಿಟ್ಟ ಖುಷಿಗೆ ಸಾಹೇಬರು ಥರ್ಮಾಮೀಟರನ್ನು ಬಚ್ಚಲುಮನೆ ಬಕೆಟ್ಟಿಗೆ ಹಾಕಿದ್ದಾರೆ. ಈಗ ಎಲ್ಲಿ ಇಟ್ಟರೂ “ಎಲ್ಓ” (ಲೋ, ಅಂದರೆ ಕಮ್ಮಿ) ಅಂತ ತೋರಿಸುತ್ತೆ. ನನ್ನ ಕಂಕುಳಲ್ಲಿಟ್ಟರೂ ಅದೇ. ರಿಪೇರಿ ಆಗುತ್ತಾ, ಹೊಸದೇ ತರಬೇಕಾ?


ಎರಡುಮಕ್ಕಳತಾಯಿ | ಶುಕ್ರವಾರ 5:32

ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಇಟ್ಟು ನೋಡಿ. ಆಗದಿದ್ದರೆ ಹೊಸದು ತನ್ನಿ. ತಂದು ಆಟದ ಸಾಮಾನಿನ ಡಬ್ಬಿಯಿಂದ ದೂರ ಇಡಿ.